ಬಿರುಗಾಳಿಯ ಕಾವಲುಗಾರರು

ಆಪತ್ತು ಬರುವುದನ್ನು ಕಂಡು ದೂರ ಸರಿಯುವುದು ಪ್ರಾಣಿಮಾತ್ರಕ್ಕೆ ಸಹಜವಾದ ಧರ್ಮ. ಅದನ್ನು ಯಾರೂ ನಿಂದಿಸಲಾರರು. ಆದರೆ ಆಪತ್ತು ಎಲ್ಲಿ ಹುಟ್ಟುತ್ತದೆಂದು ಹುಡುಕಿಕೊಂಡು ಹೋಗಿ, ಅದರ ಮುಖವನ್ನು ಕಣ್ಣಾರೆ ನೋಡಿ, ಅದು ಯಾವ ಊರಿನ ಕಡೆಗೆ ತಿರುಗಿದೆಯೆಂಬುದನ್ನು ಆ ಊರಿನವರಿಗೆ ತಿಳಿಸುವ ಒಂದು ವರ್ಗದ ಜನರೂ ಲೋಕದಲ್ಲಿದ್ದಾರೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ನಡುಬಯಲಿನಲ್ಲಿ ಸುಂಟರಗಾಳಿಗಳನ್ನು ಕಾಯುವವರೂ ಅವುಗಳ ಬೆನ್ನಟ್ಟುವವರೂ ಈ ವರ್ಗಕ್ಕೆ ಸೇರಿದವರು. ಅವರನ್ನು ಹುಚ್ಚರೆಂದು ನಗುವವರುಂಟು. ವೀರರೆಂದು ಕೊಂಡಾಡುವವರೂ ಉಂಟು. ಎರಡು ಮಾತುಗಳೂ ವಿಷಯದ ತಿರುಳನ್ನು ಮುಟ್ಟಲಾರವೆಂದು ನಮ್ಮ ಅಭಿಪ್ರಾಯ. ಅವರ ಬಾಳಿನಿಂದ ಸರ್ಕಾರವೂ ಪ್ರಜೆಯೂ ಕಲಿಯಬೇಕಾದ ಪಾಠ ಬೇರೊಂದಿದೆ. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸುಂಟರಗಾಳಿಯೆಂದರೆ ನಮ್ಮವರ ಮನಸ್ಸಿಗೆ ಬರುವುದು ಬೇಸಗೆಯ ಮಧ್ಯಾಹ್ನ ಬಯಲಿನಲ್ಲಿ ತರಗೆಲೆಗಳನ್ನೂ ಧೂಳನ್ನೂ ಸುತ್ತಿಸಿ ಕ್ಷಣದಲ್ಲಿ ಅಡಗುವ ಗಾಳಿ. ಅಮೆರಿಕೆಯದು ಆ ಜಾತಿಯದಲ್ಲ. ವಸಂತಕಾಲದಲ್ಲಿ ಮೆಕ್ಸಿಕೋ ಕೊಲ್ಲಿಯಿಂದ ತೇವವಾದ ಬೆಚ್ಚನೆಯ ಗಾಳಿ ಉತ್ತರಕ್ಕೆ ನುಗ್ಗುವುದು. ರಾಕಿ ಪರ್ವತಗಳ ಕಡೆಯಿಂದ ಒಣಗಾಳಿ ಅದರ ಮೇಲೆ ಬಂದು ಕವಿಯುವುದು. ನೆಲದ ಬಳಿ ಒಂದು ದಿಕ್ಕಿಗೂ ಮೇಲೆ ಇನ್ನೊಂದು ದಿಕ್ಕಿಗೂ ಬೀಸುವ ಈ ಗಾಳಿಗಳ ನಡುವೆ ಏಳೆಂಟು ಮೈಲಿ ಎತ್ತರದ ಗುಡುಗುಮೋಡವೊಂದು ಎದ್ದು ಬುಗುರಿಯಂತೆ ತಿರುಗತೊಡಗುವುದು. ಅಂತಹ ಮೋಡಗಳಲ್ಲಿ ಕೆಲವು ಮಾತ್ರ ನೆಲದವರೆಗೆ ಸುಳಿಯನ್ನು ಇಳಿಬಿಡುತ್ತವೆ. ಆ ದೇಶದಲ್ಲಿ ವರ್ಷಕ್ಕೆ ಸರಾಸರಿ ೧೨೦೦ರಷ್ಟು ಸುಂಟರಗಾಳಿಗಳು ಕಾಣಿಸಿಕೊಳ್ಳುತ್ತವೆ. ಬಹುಪಾಲು ಅಲ್ಪಾಯುಷಿಗಳು, ಆದರೆ ಬಲಿಷ್ಠವಾದುದೊಂದು ಊರ ಮೇಲೆ ಹಾದುಹೋದರೆ ಇಟ್ಟಿಗೆಯ ಮನೆಯ ಅಸ್ತಿಭಾರ ಮಾತ್ರ ಉಳಿಯುವುದುಂಟು. ಊರವರಿಗೆ ಮುನ್ನೆಚ್ಚರಿಕೆ ದೊರೆಯುವುದಾದರೂ ಸಾಮಾನ್ಯವಾಗಿ ಹತ್ತು ನಿಮಿಷಗಳ ಆಸುಪಾಸು. ಅಷ್ಟರೊಳಗೆ ಮಕ್ಕಳನ್ನೂ ಮುದುಕರನ್ನೂ ನೆಲಮಾಳಿಗೆಗೆ ಸೇರಿಸಬೇಕು. ಆ ಹತ್ತು ನಿಮಿಷಗಳನ್ನು ಸಂಪಾದಿಸಿಕೊಡುವ ಕೆಲಸದಲ್ಲಿ ಸರ್ಕಾರದ ಕೈಗೆ ಕೈಕೊಡುವವನೇ ಬಿರುಗಾಳಿಯ ಕಾವಲುಗಾರ.

ಈತನು ಸಂಬಳ ಪಡೆಯುವ ನೌಕರನಲ್ಲ. ಆ ದೇಶದ ಹವಾಮಾನ ಇಲಾಖೆಯು ನಡೆಸುವ ಸ್ಕೈವಾರ್ನ್ ಎಂಬ ವ್ಯವಸ್ಥೆಯಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇಂತಹ ಸ್ವಯಂಸೇವಕರು ತರಬೇತಿ ಪಡೆದಿದ್ದಾರೆ. ಅಗ್ನಿಶಾಮಕ ದಳದವರು, ಪೊಲೀಸರು, ಉಪಾಧ್ಯಾಯರು, ಬೇಸಾಯಗಾರರು, ಹವ್ಯಾಸಕ್ಕಾಗಿ ರೇಡಿಯೋ ನಡೆಸುವವರು ಇವರಲ್ಲಿ ಸೇರಿರುತ್ತಾರೆ. ಒಂದು ಸಂಜೆ ಎರಡು ಗಂಟೆಯ ಕಾಲ ಕುಳಿತು ಮೋಡದ ಲಕ್ಷಣಗಳನ್ನು ಕಲಿಯುತ್ತಾರೆ: ಮಳೆಯಿಲ್ಲದ ಮೋಡದ ತಳ ಯಾವುದು, ಅದರಿಂದ ಗೋಡೆಯಂತೆ ಕೆಳಗಿಳಿದ ಭಾಗ ಯಾವುದು, ಆ ಗೋಡೆ ಸುಮ್ಮನೆ ತೇಲುತ್ತಿದೆಯೋ ತಿರುಗುತ್ತಿದೆಯೋ, ದೂರದಲ್ಲಿ ಜೋಲುವ ಕಪ್ಪು ಚೂರು ನಿಜವಾದ ಸುಳಿಯೋ ಬರಿಯ ಹರಕು ಮೋಡವೋ. ಕಂಡುದನ್ನು ಕಂಡಷ್ಟೇ ಹೇಳಬೇಕು. ಆಲಿಕಲ್ಲಿನ ಗಾತ್ರವನ್ನು ಯಾವ ನಾಣ್ಯದಷ್ಟು, ಯಾವ ಚೆಂಡಿನಷ್ಟು ಎಂದು ಹೋಲಿಸಿ ತಿಳಿಸಬೇಕು. ನಿಂತ ಸ್ಥಳವನ್ನೂ ಗಳಿಗೆಯನ್ನೂ ತಪ್ಪದೆ ಹೇಳಬೇಕು. ತಾನು ನಿಂತಲ್ಲಿಂದ ಹೊರಬೀಳುವ ದಾರಿಯನ್ನು ಮೊದಲೇ ನೋಡಿಕೊಂಡಿರಬೇಕು. ಇಷ್ಟೇ ಅವನ ಶಾಸ್ತ್ರ. ಅಂಗೈಯಗಲದ ಈ ಶಾಸ್ತ್ರದಿಂದ ಎಷ್ಟೋ ಊರುಗಳಲ್ಲಿ ಸಕಾಲಕ್ಕೆ ಎಚ್ಚರಿಕೆಯ ಕಹಳೆ ಮೊಳಗಿದೆ.

ಕಾವಲುಗಾರನು ತನ್ನ ಊರಿನ ಅಂಚಿನಲ್ಲಿ ನಿಲ್ಲುವನು. ಬೆನ್ನಟ್ಟುವವನು ಬಿರುಗಾಳಿ ಇದ್ದಲ್ಲಿಗೆ ಹೋಗುವನು. ಈ ಎರಡನೆಯವರ ಹಿರಿಯರಲ್ಲಿ ಡೇವಿಡ್ ಹೋಡ್ಲಿಯವರು ಒಬ್ಬರು. ಉತ್ತರ ಡಕೋಟಾದ ಬಿಸ್ಮಾರ್ಕ್ ಪಟ್ಟಣದಲ್ಲಿ ೧೯೫೬ರಲ್ಲಿ, ಇನ್ನೂ ತರುಣರಾಗಿದ್ದಾಗ, ಅವರು ಈ ವ್ರತವನ್ನು ಹಿಡಿದರು. ಮುಂದೆ ಸರ್ಕಾರಿ ನೌಕರಿಯಲ್ಲಿದ್ದುಕೊಂಡು, ವರ್ಷದ ರಜೆಗಳನ್ನೆಲ್ಲ ಬಯಲಿನ ರಸ್ತೆಗಳಲ್ಲಿ ಕಳೆದರು. ೧೯೭೭ರಲ್ಲಿ 'ಸ್ಟಾರ್ಮ್ ಟ್ರ್ಯಾಕ್' ಎಂಬ ಪತ್ರಿಕೆಯನ್ನು ಹೊರಡಿಸಿ ಚದುರಿಹೋಗಿದ್ದ ಸಮಾನಾಸಕ್ತರನ್ನು ಒಂದುಗೂಡಿಸಿದರು. ಇಂತಹವರ ಬಾಳಿನಲ್ಲಿ ರೋಮಾಂಚಕ್ಕಿಂತ ಕಾಯುವಿಕೆಯೇ ಹೆಚ್ಚು. ಬೆಳಿಗ್ಗೆ ನಕ್ಷೆಗಳನ್ನು ಓದಿ ಗುರಿ ಗೊತ್ತುಮಾಡಿಕೊಳ್ಳುವುದು, ನೂರಾರು ಮೈಲಿ ಕಾರು ನಡೆಸುವುದು, ಯಾವುದೋ ಪೆಟ್ರೋಲ್ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತು ಆಕಾಶವನ್ನು ನೋಡುವುದು, ಮೋಡವೇಳದೆ ಬರಿಗೈಯಲ್ಲಿ ಹಿಂದಿರುಗುವುದು. ಹಲವು ಬಾರಿ ಹೊರಟವನಿಗೆ ಒಮ್ಮೆ ದರ್ಶನವಾದರೆ ಅದೇ ಭಾಗ್ಯ.

ಸರ್ಕಾರ ಈ ಪ್ರಜಾನೇತ್ರವನ್ನು ಎಂದೂ ಆದರಿಸಿತೆಂದು ವಾಚಕರು ಭಾವಿಸಬಾರದು. ಇದರ ಹಿಂದಿನ ಕಥೆ ಅಧಿಕಾರಿವರ್ಗದವರು ವಿಶೇಷವಾಗಿ ಮನನ ಮಾಡತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕೆಯ ಹವಾಮಾನದ ಕೆಲಸ ಸೈನ್ಯದ ಸಂಕೇತದಳದ ವಶದಲ್ಲಿದ್ದಿತು. ಅದರಲ್ಲಿ ಸಾರ್ಜೆಂಟ್ ಆಗಿದ್ದ ಜಾನ್ ಪಾರ್ಕ್ ಫಿನ್ಲೆ ಎಂಬಾತನು ೬೦೦ ಸುಂಟರಗಾಳಿಗಳ ವೃತ್ತಾಂತವನ್ನು ಕಲೆಹಾಕಿ, ಅವು ಎಂತಹ ದಿನಗಳಲ್ಲಿ ಏಳುತ್ತವೆಂಬುದನ್ನು ವಿಚಾರಿಸಿ, ೧೮೮೪ರಲ್ಲಿ ಪ್ರಾಯೋಗಿಕವಾಗಿ ಮುನ್ಸೂಚನೆಗಳನ್ನು ತಯಾರಿಸತೊಡಗಿದನು. ಊರೂರುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸ್ವಯಂಸೇವಕ ವರದಿಗಾರರನ್ನು ಗಳಿಸಿದನು. ಆದರೆ ಆ ದಶಕ ಮುಗಿಯುವುದರೊಳಗಾಗಿ ಮೇಲಧಿಕಾರಿಗಳು ಆ ಕೆಲಸವನ್ನು ನಿಲ್ಲಿಸಿದರು. ಸುಂಟರಗಾಳಿಯಿಂದ ಆಗುವ ಹಾನಿಗಿಂತ ಆ ಹೆಸರು ಕೇಳಿದ ಜನರ ಗಾಬರಿಯಿಂದ ಆಗುವ ಹಾನಿಯೇ ಹೆಚ್ಚೆಂಬುದು ಅವರ ತರ್ಕ. ಮುನ್ಸೂಚನೆಗಳಲ್ಲಿ ಆ ಶಬ್ದವನ್ನೇ ಬಳಸಬಾರದೆಂಬ ಕಟ್ಟಳೆ ೧೯೩೮ರವರೆಗೆ ನಡೆದುಬಂದಿತು.

ಹೆಸರನ್ನು ಅಡಗಿಸಿದ ಮಾತ್ರಕ್ಕೆ ಗಾಳಿ ಅಡಗುವುದೇ? ೧೯೨೫ರ ಮಾರ್ಚ್ ೧೮ರಂದು ಮಿಸೂರಿಯಲ್ಲಿ ಎದ್ದ ಒಂದೇ ಒಂದು ಸುಂಟರಗಾಳಿ ಇಲಿನಾಯ್ ಪ್ರಾಂತವನ್ನು ಸೀಳಿಕೊಂಡು ಇಂಡಿಯಾನದವರೆಗೆ ೨೦೦ ಮೈಲಿಗೂ ಮಿಕ್ಕಿ ಓಡಿತು. ಮೂರೂವರೆ ಗಂಟೆಯಲ್ಲಿ ೬೯೫ ಮಂದಿ ಸತ್ತರು. ಮೊದಲು ಹಾಳಾದ ಊರಿಗೂ ಕೊನೆಯಲ್ಲಿ ಹಾಳಾದ ಊರಿಗೂ ನಡುವೆ ಗಂಟೆಗಟ್ಟಲೆ ಅವಕಾಶವಿದ್ದಿತು; ತಂತಿ ಇದ್ದಿತು, ಟೆಲಿಫೋನೂ ಇದ್ದಿತು. ಇಲ್ಲದೆ ಇದ್ದುದು ಕಂಡವನು ಯಾರಿಗೆ ಹೇಳಬೇಕು, ಕೇಳಿದವನು ಏನು ಮಾಡಬೇಕು ಎಂಬ ಏರ್ಪಾಡು. ಜನರನ್ನು ಗಾಬರಿಯಿಂದ ರಕ್ಷಿಸಲು ಹೊರಟ ಆಡಳಿತವು ಅವರನ್ನು ಮೃತ್ಯುವಿನಿಂದ ರಕ್ಷಿಸದೆ ಹೋಯಿತು. ಪ್ರಜೆಯನ್ನು ಅರಿಯದ ಮಗುವೆಂದು ಎಣಿಸುವ ಸರ್ಕಾರ ಯಾವ ದೇಶದಲ್ಲಿದ್ದರೂ ಅದರ ಫಲ ಹೀಗೆಯೇ. ಪರರಾಜ್ಯದ ಅಡಿಯಲ್ಲಿ ಬಹುಕಾಲ ಇದ್ದು ಸ್ವರಾಜ್ಯವನ್ನು ಪಡೆದ ನಮಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಬುದ್ಧಿ ಬಂದುದು ಪೆಟ್ಟು ತಿಂದ ಮೇಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳನ್ನೂ ವಿಮಾನನೆಲೆಗಳನ್ನೂ ಸಿಡಿಲು ಗಾಳಿಗಳಿಂದ ಕಾಪಾಡಲು ಸುತ್ತಲಿನ ಜನರನ್ನು ಕಾವಲಿಗೆ ನಿಲ್ಲಿಸಿದರು. ಯುದ್ಧಸಾಮಗ್ರಿಗೆ ದೊರೆತ ಈ ರಕ್ಷಣೆಯನ್ನು ಸಾಮಾನ್ಯ ಜನರಿಗೂ ಕಲ್ಪಿಸಬೇಕೆಂಬ ವಿವೇಕ ಕ್ರಮೇಣ ಮೂಡಿತು. ೧೯೬೫ರ ಏಪ್ರಿಲ್ ೧೧ರ ಭಾನುವಾರ ಒಂದೇ ದಿನದಲ್ಲಿ ಅನೇಕ ಸುಂಟರಗಾಳಿಗಳೆದ್ದು ೨೫೦ಕ್ಕೂ ಹೆಚ್ಚು ಜನರು ಮಡಿದ ಮೇಲೆ, ಎಚ್ಚರಿಕೆಯ ವ್ಯವಸ್ಥೆಯನ್ನು ದೇಶವ್ಯಾಪಿಯಾಗಿ ಕಟ್ಟುವ ಯತ್ನ ಬಲಗೊಂಡಿತು. ೧೯೭೦ರ ಸುಮಾರಿಗೆ ಸ್ಕೈವಾರ್ನ್ ರೂಪುಗೊಂಡಿತು. ಫಿನ್ಲೆ ಕಟ್ಟಿದ್ದ ಜಾಲವನ್ನು ಬಿಚ್ಚಿ ಎಸೆದ ದೇಶವೇ ಎಂಬತ್ತು ವರ್ಷಗಳ ತರುವಾಯ ಅದನ್ನು ಮತ್ತೆ ಹೆಣೆಯಬೇಕಾಯಿತು.

"ಈಗ ರಾಡಾರ್ ಇದೆ, ಉಪಗ್ರಹವಿದೆ, ಮನುಷ್ಯನ ಕಣ್ಣಿನಿಂದ ಏನಾಗಬೇಕು?" ಎಂದು ಕೆಲವರು ಕೇಳಬಹುದು. ಭೂಮಿ ಗುಂಡಗಿರುವುದು ಈ ಪ್ರಶ್ನೆಗೆ ಉತ್ತರ. ರಾಡಾರಿನ ಕಿರಣ ನೇರವಾಗಿ ಹೋಗುತ್ತದೆ, ನೆಲ ಬಾಗುತ್ತದೆ. ಅರವತ್ತು ಮೈಲಿ ದೂರಕ್ಕೆ ಹೋಗುವಷ್ಟರಲ್ಲಿ ಕಿರಣವು ನೆಲದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿರುತ್ತದೆ. ಮೋಡದ ಹೊಟ್ಟೆಯಲ್ಲಿ ಗಾಳಿ ತಿರುಗುತ್ತಿರುವುದನ್ನು ಅದು ಬಲ್ಲುದು. ಆ ಸುಳಿ ನೆಲವನ್ನು ಮುಟ್ಟಿತೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಅಲ್ಲಿಯ ಎಚ್ಚರಿಕೆಗಳಲ್ಲಿ ಅಧಿಕಾಂಶ ಇಂದಿಗೂ ಹುಸಿಯಾಗುವುದಕ್ಕೆ ಇದೂ ಒಂದು ಕಾರಣ. ಮೇಲಾಗಿ ಯಂತ್ರಕ್ಕೆ ಓದು ಕಲಿಸಿದವನು ಕಣ್ಣಿದ್ದವನೇ. ೧೯೭೩ರ ಮೇ ೨೪ರಂದು ಒಕ್ಲಹೋಮಾದ ಯೂನಿಯನ್ ಸಿಟಿಯ ಬಳಿ ಎದ್ದ ಸುಂಟರಗಾಳಿಯನ್ನು ಹುಟ್ಟಿನಿಂದ ಅಳಿವಿನವರೆಗೆ ಬೆನ್ನಟ್ಟಿದವರು ಚಿತ್ರಿಸಿದರು. ಅದೇ ಹೊತ್ತಿನಲ್ಲಿ ನಾರ್ಮನ್ ನಗರದ ಪ್ರಯೋಗಶಾಲೆಯ ಡಾಪ್ಲರ್ ರಾಡಾರ್ ಅದನ್ನು ದಾಖಲಿಸುತ್ತಿದ್ದಿತು. ಎರಡನ್ನೂ ಹೋಲಿಸಿ ನೋಡಿದುದರಿಂದ ರಾಡಾರಿನ ಪಟದಲ್ಲಿ ಸುಂಟರಗಾಳಿಯ ಹೆಜ್ಜೆಗುರುತು ಎಂತಹದೆಂಬುದು ತಿಳಿಯಿತು. ಅಮೆರಿಕೆಯ ಸುಮಾರು ೧೬೦ ಡಾಪ್ಲರ್ ರಾಡಾರುಗಳ ಜಾಲಕ್ಕೆ ದಾರಿ ತೆರೆದ ಘಟನೆಗಳಲ್ಲಿ ಇದೊಂದು.

ಈ ಪರಂಪರೆಯಲ್ಲಿ ಟಿಮ್ ಸಮಾರಸ್ ಎಂಬವರ ಹೆಸರು ಸ್ಮರಣೀಯವಾದುದು. ೧೯೫೭ರಲ್ಲಿ ಕೊಲರಾಡೋ ಪ್ರಾಂತದಲ್ಲಿ ಹುಟ್ಟಿದ ಇವರು ಯಾವ ವಿಶ್ವವಿದ್ಯಾನಿಲಯದ ಪದವಿಯನ್ನೂ ಪಡೆದವರಲ್ಲ. ಬಾಲ್ಯದಲ್ಲಿ ರೇಡಿಯೋ ಮುಂತಾದ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತ ಕಲಿತ ಕೈಚಳಕವೇ ಅವರ ಬಂಡವಾಳ. ಸುಂಟರಗಾಳಿಯ ಒಳಗೆ, ನೆಲದ ಮಟ್ಟದಲ್ಲಿ, ಗಾಳಿಯ ಒತ್ತಡ ಎಷ್ಟಿರುತ್ತದೆಂಬುದನ್ನು ಅಳೆಯಬೇಕೆಂದು ಅವರು ಹಟ ತೊಟ್ಟರು. ಮನೆ ಕಟ್ಟುವ ಇಂಜಿನಿಯರಿಗೂ ಬೇಕಾದ ಲೆಕ್ಕವದು. ಆದರೆ ಬಿರುಗಾಳಿಯ ದಾರಿಯಲ್ಲಿ ಇಟ್ಟ ಉಪಕರಣವನ್ನು ಗಾಳಿ ಹಾರಿಸಿಕೊಂಡು ಹೋಗುತ್ತಿದ್ದಿತು. ಆಮೆಯ ಬೆನ್ನಿನಂತೆ ತಗ್ಗಾಗಿರುವ, ಗಾಳಿ ಬೀಸಿದಷ್ಟೂ ನೆಲಕ್ಕೆ ಕಚ್ಚಿಕೊಳ್ಳುವ ಆಕಾರದ, ೪೫ ಪೌಂಡು ತೂಕದ ಒಂದು ಉಕ್ಕಿನ ಪೆಟ್ಟಿಗೆಯನ್ನು ಸಮಾರಸರು ನಿರ್ಮಿಸಿದರು. ೨೦೦೩ರ ಜೂನ್ ೨೪ರಂದು ದಕ್ಷಿಣ ಡಕೋಟಾದ ಮ್ಯಾಂಚೆಸ್ಟರ್ ಎಂಬ ಪುಟ್ಟ ಹಳ್ಳಿಯ ಬಳಿ, ಉಗ್ರವಾದೊಂದು ಸುಂಟರಗಾಳಿಯ ಮುಂದೆ ಅದನ್ನು ಇಟ್ಟು ಸರಿದರು. ಗಾಳಿ ಅದರ ಮೇಲೆಯೇ ಹಾದುಹೋಯಿತು. ಒಂದು ನಿಮಿಷದೊಳಗೆ ಒತ್ತಡವು ೧೦೦ ಮಿಲಿಬಾರ್ ಕುಸಿದುದನ್ನು ಪೆಟ್ಟಿಗೆ ಬರೆದಿಟ್ಟಿತು. ಮಂಗಳೂರಿನ ಕಡಲತೀರದಿಂದ ಬೆಂಗಳೂರಿಗೆ ಘಟ್ಟ ಹತ್ತಿ ಬಂದರೆ ವಾಯುವಿನ ಒತ್ತಡ ಸುಮಾರು ಅಷ್ಟು ತಗ್ಗುವುದು. ಒಂದು ದಿನದ ಪ್ರಯಾಣದ ಆ ವ್ಯತ್ಯಾಸ ನಿಂತ ನೆಲದಲ್ಲಿ ನಿಮಿಷದೊಳಗೆ ಆದರೆ ಹೇಗಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಆ ಹಳ್ಳಿಯ ಮನೆಗಳು ನೆಲಸಮವಾದವು. ದೈವವಶಾತ್ ಅಲ್ಲಿ ಯಾರೂ ಸಾಯಲಿಲ್ಲ.

ಹತ್ತು ವರ್ಷಗಳ ಬಳಿಕ, ೨೦೧೩ರ ಮೇ ೩೧ರ ಸಂಜೆ, ಒಕ್ಲಹೋಮಾದ ಎಲ್ ರೀನೋ ಪಟ್ಟಣದ ಹೊರವಲಯದಲ್ಲಿ ಸಮಾರಸರು ಮಡಿದರು. ಜೊತೆಯಲ್ಲಿದ್ದ ಇಪ್ಪತ್ತನಾಲ್ಕು ವರ್ಷದ ಮಗ ಪಾಲ್, ಬಹುಕಾಲದ ಸಹೋದ್ಯೋಗಿ ಕಾರ್ಲ್ ಯಂಗ್ ಇಬ್ಬರೂ ಅದೇ ಕಾರಿನಲ್ಲಿ ಅಸುನೀಗಿದರು. ಅಜಾಗರೂಕರಲ್ಲವೆಂದು ಜೊತೆಗಾರರಲ್ಲಿ ಹೆಸರಾಗಿದ್ದವರು ಅವರು. ಆ ದಿನದ ಸುಂಟರಗಾಳಿ ಅಂತಹವರನ್ನೂ ವಂಚಿಸಿತು. ಮಳೆಯ ತೆರೆಯ ಹಿಂದೆ ಮರೆಯಾಗಿ, ನೋಡನೋಡುತ್ತಿದ್ದಂತೆ ೨.೬ ಮೈಲಿ ಅಗಲಕ್ಕೆ ಹಿಗ್ಗಿ, ಥಟ್ಟನೆ ದಿಕ್ಕು ಬದಲಿಸಿ ವೇಗವಾಗಿ ಮೇಲೆ ಬಂದಿತು. ಅದರೊಳಗೆ ಸುತ್ತುತ್ತಿದ್ದ ಕಿರುಸುಳಿಯೊಂದು ಕಾರನ್ನು ಎತ್ತಿ ಒಗೆಯಿತು. ಅಳತೆಗೆ ಸಿಕ್ಕಿದ ಸುಂಟರಗಾಳಿಗಳಲ್ಲಿ ಅಷ್ಟು ಅಗಲವಾದುದು ಬೇರೊಂದಿಲ್ಲ.

ಈ ಮರಣವನ್ನು ಬಲಿದಾನವೆಂದು ಹಾಡಿ ಸುಮ್ಮನಾಗುವುದು ಸುಲಭ; ಅದು ಸತ್ತವರಿಗೆ ನ್ಯಾಯವಲ್ಲವೆಂದು ನಾವು ಹೇಳುತ್ತೇವೆ. ಆ ಸುಂಟರಗಾಳಿಗೆ ಸಿಕ್ಕಿ ಸತ್ತವರು ಒಟ್ಟು ಎಂಟು ಮಂದಿ. ಎಂಟು ಮಂದಿಯೂ ವಾಹನಗಳಲ್ಲಿದ್ದವರು. ಹನ್ನೊಂದು ದಿನಗಳ ಹಿಂದೆಯಷ್ಟೇ ಹತ್ತಿರದ ಮೂರ್ ಪಟ್ಟಣದಲ್ಲಿ ಇನ್ನೊಂದು ಸುಂಟರಗಾಳಿ ಶಾಲೆಯ ಏಳು ಮಕ್ಕಳೂ ಸೇರಿ ೨೪ ಮಂದಿಯನ್ನು ಕೊಂದಿದ್ದಿತು. ಆ ಭಯ ಆರದೆ ಇದ್ದಾಗ, ಕಾರಿನಲ್ಲಿ ಊರು ಬಿಟ್ಟು ದಕ್ಷಿಣಕ್ಕೆ ಹೋಗಿರೆಂಬ ಸಲಹೆ ದೂರದರ್ಶನದಲ್ಲಿ ಕೇಳಿಬಂದಿತು. ಹೆದ್ದಾರಿಗಳಲ್ಲಿ ಜನ ಕಾರುಗಳೊಳಗೆ ಸಿಕ್ಕಿಬಿದ್ದರು. ಇತ್ತ ಹಳ್ಳಿಯ ದಾರಿಗಳಲ್ಲಿ ನೋಡಲು ಬಂದವರ ವಾಹನಗಳ ಸಾಲು. ೧೯೯೬ರಲ್ಲಿ 'ಟ್ವಿಸ್ಟರ್' ಎಂಬ ಚಲನಚಿತ್ರ ಬಂದ ಮೇಲೆ ಸುಂಟರಗಾಳಿಯ ಬೆನ್ನಟ್ಟುವುದು ಒಂದು ವಿನೋದವಾಯಿತು. ಕೈಯಲ್ಲೊಂದು ಕ್ಯಾಮರಾ ಇದ್ದವನೆಲ್ಲ ತಾನೂ ಬೆನ್ನಟ್ಟುವವನೇ ಎಂದುಕೊಂಡನು. ಗಾಳಿಯ ಹತ್ತಿರ ಹತ್ತಿರ ಹೋದಷ್ಟೂ ಚಿತ್ರಕ್ಕೆ ಬೆಲೆ ಹೆಚ್ಚಾಯಿತು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಒಕ್ಕಲಿಗನ ಗಾದೆ. ಪರರ ಮನೆ ಹಾರಿಹೋಗುವ ಗಾಳಿಯಲ್ಲಿ ತನ್ನ ಕಾಳನ್ನು ತೂರಿಕೊಳ್ಳುವವನಿಗೆ ಆ ಗಾದೆ ಸಲ್ಲದು.

ಆದುದರಿಂದ ಕಾವಲಿಗೂ ಕುತೂಹಲಕ್ಕೂ ಇರುವ ಅಂತರವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಇಬ್ಬರೂ ಒಂದೇ ಮೋಡವನ್ನು ನೋಡುತ್ತಾರೆ, ಒಂದೇ ರಸ್ತೆಯಲ್ಲಿ ನಿಲ್ಲುತ್ತಾರೆ. ಒಬ್ಬನು ತಾನು ಕಂಡುದನ್ನು ಇತರರ ಸ್ವತ್ತೆಂದು ಭಾವಿಸಿ ಮೊದಲು ಹವಾಮಾನ ಕಚೇರಿಗೆ ತಿಳಿಸುವನು. ಇನ್ನೊಬ್ಬನು ಮೊದಲು ಅದನ್ನು ಮಾರುವನು. ಸಮಾರಸರ ಯೋಗ್ಯತೆಯನ್ನು ಅವರು ಗಾಳಿಗೆ ಎಷ್ಟು ಸಮೀಪ ಹೋದರೆಂಬುದರಿಂದ ಅಳೆಯಬಾರದು. ಏನನ್ನು ತಂದುಕೊಟ್ಟರೆಂಬುದರಿಂದ ಅಳೆಯಬೇಕು. ಅವರು ಸತ್ತ ಬಳಿಕ ನಡೆದ ಒಂದು ಕಾರ್ಯ ಈ ಮಾತಿಗೆ ಸಾಕ್ಷಿ. ಹಿಂದೆ ಅವರೊಡನೆ ದುಡಿದಿದ್ದ ಆಂಟನ್ ಸೈಮನ್ ಮೊದಲಾದವರು ಎಲ್ ರೀನೋವಿನಲ್ಲಿ ಅಂದು ಇದ್ದ ಬೆನ್ನಟ್ಟುವವರಿಂದ ಚಿತ್ರಗಳನ್ನು ಕೇಳಿ ಪಡೆದು, ಒಂದೇ ಮಿಂಚು ಬೇರೆ ಬೇರೆ ಚಿತ್ರಗಳಲ್ಲಿ ಹೊಳೆದ ಕ್ಷಣವನ್ನು ಹಿಡಿದು ಅವುಗಳ ಕಾಲವನ್ನು ಸರಿಹೊಂದಿಸಿ, ೨೦೧೬ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಆ ಚಿತ್ರಗಳನ್ನು ಶೀಘ್ರಗತಿಯ ರಾಡಾರಿನ ದಾಖಲೆಯೊಡನೆ ಇಟ್ಟು ನೋಡಿ, ಆ ಸುಂಟರಗಾಳಿ ಬಹುಕಾಲದಿಂದ ನಂಬಿದ್ದಂತೆ ಮೋಡದಿಂದ ಕೆಳಗಿಳಿದುದಲ್ಲ, ನೆಲದ ಬಳಿಯಲ್ಲಿಯೇ ಮೊದಲು ಬಲಗೊಂಡುದು ಎಂದು ಜಾನಾ ಹೌಸರ್ ಎಂಬ ವಿದುಷಿ ೨೦೧೮ರಲ್ಲಿ ತೋರಿಸಿದರು. ರಾಡಾರಿಗೆ ಸಾಮಾನ್ಯವಾಗಿ ಎಟುಕದ ಎಡೆ ಅದೇ. ಎತ್ತರದ ಸುಳಿಯನ್ನು ನೋಡಿ ಎಚ್ಚರಿಕೆ ಕೊಡುವೆವೆಂದು ಕುಳಿತರೆ ಕೆಲವು ಸಲ ಹೊತ್ತು ಮೀರಿರುತ್ತದೆಂಬುದು ಇದರಿಂದ ಹೊರಡುವ ಅರ್ಥ.

ಇದೆಲ್ಲ ದೂರದೇಶದ ವೃತ್ತಾಂತವೆಂದು ವಾಚಕರು ಪತ್ರಿಕೆಯನ್ನು ಮಡಿಸಿಡದಿರಲಿ. ಚಂಡಮಾರುತಕ್ಕೆ 'ಸೈಕ್ಲೋನ್' ಎಂಬ ಹೆಸರು ಹುಟ್ಟಿದುದು ಕಲ್ಕತ್ತೆಯಲ್ಲಿ. ೧೮೪೮ರಲ್ಲಿ ಅದನ್ನು ಕೊಟ್ಟವನು ಹೆನ್ರಿ ಪಿಡಿಂಗ್ಟನ್. ಹಡಗುಗಳ ದಿನಚರಿಗಳನ್ನು ಕೂಡಿಸಿ ಬಂಗಾಳ ಕೊಲ್ಲಿಯ ಬಿರುಗಾಳಿಗಳ ಜಾಡನ್ನು ಹಿಡಿದ ಆತನು, ಮಾತ್ಲಾ ನದಿಯ ದಡದಲ್ಲಿ ರೇವುಪಟ್ಟಣ ಕಟ್ಟಿದರೆ ಸಮುದ್ರದ ಅಲೆ ಅದನ್ನು ನುಂಗುವುದೆಂದು ೧೮೫೩ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬರೆದು ತಿಳಿಸಿದನು. ಅಂದಿನ ಪ್ರಭುಗಳು ಕಿವಿಗೊಡಲಿಲ್ಲ. ಕ್ಯಾನಿಂಗ್ ರೇವು ಎದ್ದಿತು. ೧೮೬೭ರ ಚಂಡಮಾರುತದಲ್ಲಿ ಅದು ಹಾಳಾಯಿತು. ಸ್ವತಂತ್ರ ಭಾರತದಲ್ಲಿಯೂ ೧೯೯೯ರ ಅಕ್ಟೋಬರಿನಲ್ಲಿ ಒಡಿಶಾದ ಕಡಲತಡಿಯಲ್ಲಿ ಸುಮಾರು ಹತ್ತು ಸಾವಿರ ಜನರು ಚಂಡಮಾರುತಕ್ಕೆ ಬಲಿಯಾದರು. ಅದೇ ಒಡಿಶಾಕ್ಕೆ ೨೦೧೩ರ ಅಕ್ಟೋಬರ್ ೧೨ರಂದು ಫೈಲಿನ್ ಚಂಡಮಾರುತ ಬಂದಾಗ, ಮುಂಚಿತವಾಗಿ ಹತ್ತು ಲಕ್ಷದಷ್ಟು ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದ್ದರಿಂದ ಮೃತರ ಸಂಖ್ಯೆ ಹತ್ತುಗಳ ಲೆಕ್ಕದಲ್ಲಿಯೇ ನಿಂತಿತು. ಗಾಳಿ ಕರುಣೆ ತೋರಿದುದರಿಂದ ಹೀಗಾಗಲಿಲ್ಲ. ಊರೂರಿನ ಸ್ವಯಂಸೇವಕರು ಮನೆಮನೆಯ ಬಾಗಿಲು ತಟ್ಟಿ ಹೇಳಿದರು. ಹೇಳಿದುದನ್ನು ಜನ ನಂಬಿದರು.

ಕನ್ನಡ ನಾಡಿಗೆ ಅಮೆರಿಕೆಯ ಸುಂಟರಗಾಳಿಯಿಲ್ಲ. ಆದರೆ ಏಪ್ರಿಲ್ ಮೇ ತಿಂಗಳುಗಳ ಸಿಡಿಲು, ಆಲಿಕಲ್ಲು, ಬಿರುಮಳೆ ಯಾವ ಜಿಲ್ಲೆಗೆ ಹೊಸದು? ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಿಡಿಲಿನಿಂದಲೇ ಸಾಯುತ್ತಿದ್ದಾರೆ. ಅವರಲ್ಲಿ ಹೊಲದಲ್ಲಿ ದುಡಿಯುವವರೂ ದನ ಕಾಯುವವರೂ ಬಹಳ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಯ ಮಟ್ಟದವರೆಗೆ ಮಳೆಮಾಪಕಗಳನ್ನು ಸ್ಥಾಪಿಸಿರುವುದು ಮೆಚ್ಚತಕ್ಕ ಕಾರ್ಯ. ಆದರೆ ಮಳೆಮಾಪಕ ಮಳೆಯನ್ನು ಅಳೆಯಬಲ್ಲುದೇ ಹೊರತು ಹಳ್ಳದ ಸೇತುವೆಯ ಮೇಲೆ ನೀರು ಏರಿತೆಂದಾಗಲಿ, ಪಡುವಣದ ಮೋಡ ಕಪ್ಪಿಟ್ಟಿತು, ಮಕ್ಕಳು ಇನ್ನೂ ದಾರಿಯಲ್ಲಿದ್ದಾರೆಂದಾಗಲಿ ಹೇಳಲಾರದು. ಅದಕ್ಕೆ ಊರಿನ ಕಣ್ಣೇ ಬೇಕು.

ಶಾಲೆಯ ಮೇಷ್ಟ್ರು, ಅಂಚೆಯವರು, ವಿದ್ಯುತ್ ಇಲಾಖೆಯ ಲೈನ್‌ಮನ್, ಕೆರೆಯ ನೀರುಗಂಟಿ, ಆಸಕ್ತರಾದ ಯುವಕ ಯುವತಿಯರು, ಹೀಗೆ ಪ್ರತಿ ಪಂಚಾಯಿತಿಯಲ್ಲಿ ಐದಾರು ಮಂದಿಯನ್ನು ಆರಿಸಿ, ವರ್ಷಕ್ಕೊಂದು ಸಂಜೆ ಆಕಾಶದ ಲಕ್ಷಣಗಳನ್ನು ಅವರಿಗೆ ಕಲಿಸುವುದು ನಮ್ಮ ಸರ್ಕಾರಕ್ಕೆ ದೊಡ್ಡ ಖರ್ಚಿನ ಮಾತಲ್ಲ. ಅವರು ಯಾರಿಗೆ ತಿಳಿಸಬೇಕೆಂಬುದನ್ನು ಗೊತ್ತುಮಾಡಬೇಕು. ತಿಳಿಸಿದ ಮಾತು ತಾಲ್ಲೂಕು ಕಚೇರಿಯ ಕಡತದಲ್ಲಿ ಮಲಗದೆ ಮುಂದಿನ ಊರಿಗೆ ಕೂಡಲೇ ಮುಟ್ಟಬೇಕು. ಎಂದಾದರೊಮ್ಮೆ ಅವರ ಎಚ್ಚರಿಕೆ ಹುಸಿಯಾದರೆ ಗದರಿಸಬಾರದು. ಒಮ್ಮೆ ಗದರಿಸಿಕೊಂಡವನು ಮರುಸಲ ಬಾಯಿ ತೆರೆಯಲಾರ. ನಮ್ಮ ಅಧಿಕಾರಿಗಳು ಈ ಕೊನೆಯ ಮಾತನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಫಿನ್ಲೆಯ ಎರಡು ಸಾವಿರ ಜನರನ್ನು ಮೌನಗೊಳಿಸಿದ ದೇಶ ಅದರ ಬೆಲೆಯನ್ನು ಪ್ರಾಣಗಳಲ್ಲಿ ತೆತ್ತಿತು. ಆ ಬೆಲೆಯನ್ನು ನಾವು ತೆರಬೇಕಾಗಿಲ್ಲ. ಮುಂಗಾರಿನ ಮೊದಲ ಗುಡುಗು ಕೇಳುವುದಕ್ಕೆ ಮುಂಚೆ ಯಾವುದಾದರೂ ಒಂದು ಜಿಲ್ಲೆಯಲ್ಲಾದರೂ ಈ ಕಾರ್ಯ ಆರಂಭವಾಗಲೆಂದು ನಾವು ಆಗ್ರಹಪಡಿಸುತ್ತೇವೆ.